ಎರಡು ಕಡೆ ಅನುದಾನ ಸಿಗಲಿಲ್ಲ, ಕಂಪನಿ ಮುಚ್ಚಿಬಿಡಬೇಕಾ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ಶಿಡ್ಲಘಟ್ಟ ತಾಲ್ಲೂಕು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಬಿಟ್ಟು ಬಂದು, ಗೆಳೆಯನ ಜೊತೆ ಕಂಪನಿ ಶುರು ಮಾಡಿದೆ. ನೋಂದಣಿಯಾಗಿ 17 ತಿಂಗಳಾಯ್ತು. ರೇಷ್ಮೆ ಹುಳು ಮನೆಯ ಶಾಖ, ತೇವಾಂಶ ಅಳೆದು ಫ್ಯಾನು, ಹೀಟರು, ಫಾಗರು (ಮಂಜಿನಂತೆ ನೀರು ಚಿಮ್ಮಿಸುವ ಯಂತ್ರ) ತಾನಾಗೇ ಓಡುವಂತೆ ಮಾಡುವ ಪೆಟ್ಟಿಗೆ ನಮ್ಮದು. 11 ರೈತರ ಹತ್ತಿರ ಪುಕ್ಕಟೆ ಇಟ್ಟಿದ್ದೇವೆ. ಅಪ್ಪನ ಹುಳು ಮನೆಯಲ್ಲೂ ಇಟ್ಟಿದ್ದೆ, ಒಂದು ಬೆಳೆ ಆದಮೇಲೆ ತೆಗೆಸಿದರು. ಸ್ಟಾರ್ಟಪ್ ಅನುದಾನಕ್ಕೆ ಎರಡು ಕಡೆ ಅರ್ಜಿ ಹಾಕಿದ್ದೆವು. ಒಂದರಲ್ಲಿ ಕಾಗದದ ಹಂತದಲ್ಲೇ ಹೋಯ್ತು. ಇನ್ನೊಂದರಲ್ಲಿ ಕೊನೆಯ ಪಿಚ್‌ವರೆಗೂ, ಅಂದರೆ ಆಯ್ಕೆ ಸಮಿತಿಯ ಮುಂದೆ ನಿಂತು ವಿವರಿಸುವ ಹಂತದವರೆಗೂ ಹೋದೆವು. "ಪೆಟ್ಟಿಗೆಯಿಂದ ಬೆಳೆ ನಷ್ಟ ಎಷ್ಟು ಕಡಿಮೆಯಾಗಿದೆ?" ಎಂದು ಕೇಳಿದರು. "ತುಂಬಾ ಕಡಿಮೆಯಾಗಿದೆ ಸರ್" ಅಂದೆ. ಇಂಗ್ಲಿಷ್‌ನಲ್ಲಿ ತಡವರಿಸಿದೆ. ವಾರದ ನಂತರ ಮೂರು ಸಾಲಿನ ಮೇಲ್ ಬಂತು, ಆಯ್ಕೆಯಾಗಿಲ್ಲ ಎಂದು. ಕಾರಣ ಬರೆದಿಲ್ಲ. ಗೊತ್ತಿರುವವರು ಇದ್ದರೆ ಮಾತ್ರ ಸಿಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಒಬ್ಬ ಕನ್ಸಲ್ಟೆಂಟ್ ಮುಂಗಡ 40 ಸಾವಿರ, ಅನುದಾನ ಬಂದರೆ ಶೇ 10 ಕೊಡಿ, ಅರ್ಜಿ ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ಎರಡು ಎಕರೆ ಹಿಪ್ಪುನೇರಳೆ ತೋಟ ಅಡ ಇಟ್ಟು ಸಾಲ ಮಾಡೋಣವೇ ಎಂಬ ಯೋಚನೆಯೂ ಇದೆ. ಇಲ್ಲಾ ಮುಚ್ಚಿ ಕೆಲಸಕ್ಕೆ ವಾಪಸ್ ಹೋಗಲಾ?

ಉತ್ತರ:

ಎರಡೂ ಅರ್ಜಿಗಳ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು, ಪೂರ್ತಿ ಓದಿದೆ. ಯಾವ ಕಾರ್ಯಕ್ರಮ, ಯಾರು ಏನೆಂದರು ಅನ್ನುವುದನ್ನು ಇಲ್ಲಿ ಹಾಕುತ್ತಿಲ್ಲ, ಉತ್ತರಕ್ಕೆ ಅದು ಬೇಕಿಲ್ಲ. ನಾನು ಒಂಬತ್ತು ವರ್ಷದಿಂದ ಇಂಥ ಆಯ್ಕೆ ಸಮಿತಿಗಳಲ್ಲಿ ಕೂರುತ್ತಿದ್ದೇನೆ. ಅದಕ್ಕೂ ಮುಂಚೆ ಮೇಜಿನ ಆಚೆ ಕಡೆ ನಿಂತು ಎರಡು ಸಲ ಇಲ್ಲ ಅನ್ನಿಸಿಕೊಂಡಿದ್ದೇನೆ.

ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಕೆಳಗಿರುವ ಭಯ ಒಂದೇ ಅನ್ನಿಸಿತು. ತಿಳಿದವರು ನೋಡಿ ಬೇಡ ಅಂದಿದ್ದಾರೆ, ಹಾಗಾದರೆ ನಮ್ಮ ಪೆಟ್ಟಿಗೆಯಲ್ಲೇ ಹುಳುಕಿರಬೇಕು ಎಂಬ ಭಯ. ಮೊದಲು ಅದನ್ನೇ ನೋಡೋಣ.

ಸಮಿತಿ ನಿಮ್ಮ ಪೆಟ್ಟಿಗೆಯನ್ನು ನೋಡಿಲ್ಲ. ಅದು ನೋಡಿದ್ದು ಹನ್ನೆರಡು ಪುಟ ಕಾಗದ ಮತ್ತು ಕೆಲವು ನಿಮಿಷದ ಮಾತು. ಒಂದೇ ದಿನ ಇಪ್ಪತ್ತು, ಇಪ್ಪತ್ತೈದು ತಂಡಗಳು ಬಂದು ಹೋದ ದಿನ ನಾನು ಕೂತಿದ್ದೇನೆ. ಮಧ್ಯಾಹ್ನದ ಊಟದ ನಂತರ ಬಂದವರ ಬಗ್ಗೆ ಬರೆದುಕೊಂಡ ಟಿಪ್ಪಣಿ ಬೆಳಿಗ್ಗೆ ಬಂದವರದ್ದಕ್ಕಿಂತ ಚಿಕ್ಕದಾಗಿರುತ್ತದೆ. ಇದು ಸರಿಯಲ್ಲ, ಆದರೆ ಇರುವುದು ಹೀಗೆ. ಕೊಡಲು ಹಣ ಇರುವುದು ಕೆಲವರಿಗೆ ಮಾತ್ರ. ಒಳ್ಳೆಯದು ಅನ್ನಿಸಿದ ತಂಡಗಳನ್ನೂ ಕೈಬಿಡಬೇಕಾಗುತ್ತದೆ. ಹಾಗಾಗಿ ಆ ಮೂರು ಸಾಲಿನ ಮೇಲ್‌ಗೆ ಇರುವ ಅರ್ಥ ಇಷ್ಟೇ: ಈ ಸುತ್ತಿನಲ್ಲಿ, ಈ ಕಾಗದದ ಮೇಲೆ, ಬೇರೆಯವರಿಗೆ ಜಾಸ್ತಿ ಅಂಕ ಬಂದಿದೆ. ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಆ ಮೇಲ್‌ಗೆ ಇಲ್ಲ. ಅದನ್ನು ಹೇಳಬಲ್ಲವರು ಆ 11 ರೈತರು.

ಇನ್ನು ನಿಮ್ಮ ಗೆಳೆಯರ ಮಾತು. ಗೊತ್ತಿರುವವರು ಇದ್ದರೆ ಮಾತ್ರ ಸಿಗುತ್ತದಾ? ಎಲ್ಲ ಕಡೆ ಎಲ್ಲವೂ ಚೊಕ್ಕಟ ಎಂದು ನಾನು ಪ್ರಮಾಣ ಮಾಡಲಾರೆ. ನಾನು ಕೂತ ಸಮಿತಿಗಳಲ್ಲಿ ಐದಾರು ಜನ ಬೇರೆ ಬೇರೆಯಾಗಿ ಅಂಕ ಹಾಕುತ್ತಾರೆ. ಒಬ್ಬರು ಎಷ್ಟೇ ಎತ್ತಿ ಹಿಡಿದರೂ ಉಳಿದವರ ಅಂಕ ಅದನ್ನು ಕೆಳಗೆ ಎಳೆಯುತ್ತದೆ. ಆದರೆ ನಿಮ್ಮ ಗೆಳೆಯರು ಪೂರ್ತಿ ತಪ್ಪು ಹೇಳುತ್ತಿಲ್ಲ. ಪ್ರಭಾವ ಬೇರೆ, ಪರಿಚಯ ಬೇರೆ. ಅರ್ಜಿ ಹಾಕುವ ಆರು ತಿಂಗಳ ಮೊದಲೇ ಇನ್‌ಕ್ಯುಬೇಟರ್‌ಗೆ (ಹೊಸ ಕಂಪನಿಗಳನ್ನು ಕೈಹಿಡಿದು ಬೆಳೆಸುವ ಕೇಂದ್ರ) ನಾಲ್ಕು ಸಲ ಹೋಗಿ, ಅಲ್ಲಿಯವರಿಗೆ ಯಂತ್ರ ತೋರಿಸಿ, ಬೈಸಿಕೊಂಡು, ತಿದ್ದಿಕೊಂಡು ಬಂದ ತಂಡಕ್ಕೆ ಖಂಡಿತ ಅನುಕೂಲ ಇದೆ. ಅವರ ಕಾಗದ ಓದುವಾಗ ಓದುವವರ ಕಣ್ಣಿಗೆ ಯಂತ್ರ ಕಾಣುತ್ತದೆ. ಈ ಪರಿಚಯವನ್ನು ನೀವೂ ಮಾಡಿಕೊಳ್ಳಬಹುದು, ಅದಕ್ಕೆ ಬಸ್ ಚಾರ್ಜು ಸಾಕು. ನಿಮ್ಮ ಎರಡೂ ಅರ್ಜಿ ಹೋಗಿದ್ದು ಕೊನೆಯ ದಿನ, ಮೊದಲು ಒಂದು ಫೋನು ಕೂಡ ಮಾಡದೆ.

ಇಂಗ್ಲಿಷ್ ಬಗ್ಗೆ ಜಾಸ್ತಿ ಕೊರಗಬೇಡಿ. ನೀವು ಸಿಕ್ಕಿಹಾಕಿಕೊಂಡ ಪ್ರಶ್ನೆಯನ್ನು ಇನ್ನೊಮ್ಮೆ ನೋಡಿ. "ಎಷ್ಟು?" ಎಂದು ಕೇಳಿದರು, "ತುಂಬಾ" ಅಂದಿರಿ. ಇದೇ ಉತ್ತರವನ್ನು ಅಚ್ಚ ಇಂಗ್ಲಿಷ್‌ನಲ್ಲಿ ಹೇಳಿದ್ದರೂ ಅಂಕ ಬರುತ್ತಿರಲಿಲ್ಲ. "100 ಮೊಟ್ಟೆಗೆ ಹೋದ ಬೇಸಿಗೆಯಲ್ಲಿ ಇಷ್ಟು ಕೆ.ಜಿ. ಗೂಡು ಬಂದಿತ್ತು, ಈ ಬೇಸಿಗೆ ಇಷ್ಟು ಬಂತು" ಎಂದು ಕನ್ನಡದಲ್ಲಿ ಹೇಳಿದ್ದರೆ ಕೂತವರು ಪೆನ್ನು ಎತ್ತಿಕೊಳ್ಳುತ್ತಿದ್ದರು. (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪೇ ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ.) ಕರ್ನಾಟಕದಲ್ಲಿ ನಡೆಯುವ ಪಿಚ್ ಆದರೆ ಒಂದು ವಾರ ಮೊದಲೇ ಆಯೋಜಕರಿಗೆ ಬರೆಯಿರಿ: ಸ್ಲೈಡ್ ಇಂಗ್ಲಿಷ್‌ನಲ್ಲಿರುತ್ತದೆ, ಮಾತು ಕನ್ನಡದಲ್ಲಿ ಆಡಬಹುದೇ ಎಂದು. ನಾನಿದ್ದ ಕಡೆ ಇದಕ್ಕೆ ಬೇಡ ಅಂದವರಿಲ್ಲ. ಅನುಮತಿ ಸಿಗದಿದ್ದರೆ ನಿಮ್ಮಿಬ್ಬರಲ್ಲಿ ಇಂಗ್ಲಿಷ್ ಸಲೀಸಾಗಿ ಬರುವವರು ಮಾತಾಡಲಿ. ಕಂಪನಿ ಮಾಡಿದವರಲ್ಲಿ ಯಾರು ಮಾತಾಡಿದರೂ ಆಗುತ್ತದೆ.

ಕನ್ಸಲ್ಟೆಂಟ್ ವಿಷಯಕ್ಕೆ ನನ್ನ ಉತ್ತರ ನೇರ: ಬೇಡ. ಎರಡು ಕಾರಣ. ಅನುದಾನದ ಪ್ರತಿ ರೂಪಾಯಿಗೂ ಲೆಕ್ಕ ಕೊಡಬೇಕು, ಸಿ.ಎ. ಸಹಿ ಹಾಕಿದ ಬಳಕೆ ಪ್ರಮಾಣಪತ್ರ ಕೊಡಬೇಕು. ಒಪ್ಪಿದ ಖರ್ಚಿನ ಪಟ್ಟಿಯಲ್ಲಿ "ಅನುದಾನ ಕೊಡಿಸಿದವರಿಗೆ ಶೇ 10" ಅನ್ನುವ ಸಾಲು ಇರುವುದಿಲ್ಲ. 20 ಲಕ್ಷ ಬಂದರೆ ಆ 2 ಲಕ್ಷವನ್ನು ಎಲ್ಲಿಂದ ತರುತ್ತೀರಿ? ಒಂದೋ ಸ್ವಂತ ಜೇಬಿನಿಂದ, ಇಲ್ಲಾ ಸುಳ್ಳು ಬಿಲ್ಲಿನಿಂದ. ಸುಳ್ಳು ಬಿಲ್ಲು ಹಾಕಿ ಎರಡನೇ ಕಂತು ನಿಂತುಹೋದ ಹುಡುಗರನ್ನು ನಾನು ಕಂಡಿದ್ದೇನೆ, ಆ ಸಂಕಟ ನಿಮಗೆ ಬರಬಾರದು. ಎರಡನೇ ಕಾರಣ: ಬೇರೆಯವರು ಬರೆದ ಅರ್ಜಿ ಪಿಚ್ ಕೋಣೆಯಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ. ಕಾಗದದಲ್ಲಿರುವ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ತಂಡದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್‌ಕ್ಯುಬೇಟರ್‌ಗಳ ಮೂಲಕ ಹೊಸ ಕಂಪನಿಗಳಿಗೆ ಆರಂಭದ ಹಣ ಕೊಡುವ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನ ನಿಯಮವೂ ನಿಮಗೆ ಗೊತ್ತಿರಲಿ: ಆಯ್ಕೆಗಾಗಲಿ, ಹಣ ಬಿಡುಗಡೆಗಾಗಲಿ ಇನ್‌ಕ್ಯುಬೇಟರ್‌ನವರು ಶುಲ್ಕ ಕೇಳುವಂತಿಲ್ಲ. ಒಳಗಿನವರಿಗೆ ಕೊಡಬೇಕು ಎಂದು ಹೇಳಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಂಪನಿ ಲೆಕ್ಕಪತ್ರಕ್ಕೆ ಸಿ.ಎ.ಗೆ ಕೊಡುವ ಶುಲ್ಕ ಬೇರೆ ಮಾತು, ಅದು ಬೇಕಾದ ಖರ್ಚು.

ಈಗ ನಿಜವಾದ ಕಾರಣಕ್ಕೆ ಬರೋಣ. ನಿಮ್ಮ ಅರ್ಜಿಯ ಮೊದಲ ಎರಡು ಪುಟ ಭಾರತದ ರೇಷ್ಮೆ ಉದ್ಯಮ ಎಷ್ಟು ದೊಡ್ಡದು ಎಂಬ ಬಗ್ಗೆ ಇದೆ. ಮೂರನೇ ಪುಟ ಸೆನ್ಸರ್ ಬಗ್ಗೆ, ನಾಲ್ಕನೆಯದು ಮೊಬೈಲ್ ಆ್ಯಪ್ ಬಗ್ಗೆ. ಒಂಬತ್ತನೇ ಪುಟದ ಕೆಳಗೆ, ಚಿಕ್ಕ ಅಕ್ಷರದಲ್ಲಿ ಒಂದು ಮಾತು ಬರೆದಿದ್ದೀರಿ. ಒಬ್ಬ ರೈತ ಏಪ್ರಿಲ್‌ನಲ್ಲಿ ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳು ಇದ್ದಾಗ ರಾತ್ರಿ ಮೂರು ಸಲ ಎದ್ದು ಕಿಟಕಿಗೆ ಕಟ್ಟಿದ ಗೋಣಿಚೀಲಕ್ಕೆ ನೀರು ಹಾಕುತ್ತಿದ್ದರು, ಪೆಟ್ಟಿಗೆ ಬಂದಮೇಲೆ ಮಲಗುತ್ತಾರೆ ಎಂದು. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದು ಮೊದಲ ಪುಟದ ಮೊದಲ ಸಾಲಾಗಬೇಕಿತ್ತು.

ಹುಳು ಸಾಕುವವರಿಗೆ ಇದರ ಕಷ್ಟ ಗೊತ್ತು, ಸಮಿತಿಯಲ್ಲಿ ಕೂತ ಐದು ಜನರಲ್ಲಿ ನಾಲ್ವರಿಗೆ ಗೊತ್ತಿರುವುದಿಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27, 28 ಡಿಗ್ರಿ ಶಾಖ, ಶೇ 85ರಿಂದ 90 ತೇವಾಂಶ ಬೇಕು. ಅದೇ ಹುಳು ದೊಡ್ಡದಾದಮೇಲೆ 24, 25 ಡಿಗ್ರಿ, ಶೇ 70 ತೇವಾಂಶ ಸಾಕು. ಅಂದರೆ ಒಂದೇ ಬೆಳೆಯೊಳಗೆ ಗುರಿ ಬದಲಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ತೇವ ಜಾಸ್ತಿಯಾದರೆ ಸುಣ್ಣಕಟ್ಟು ರೋಗ ಬರುತ್ತದೆ. ಸುಮ್ನೆ ಒಂದು ಥರ್ಮೋಸ್ಟಾಟ್ ತಂದು ಗೋಡೆಗೆ ಹಾಕಿದರೆ ಯಾಕೆ ಸಾಲದು ಎಂಬುದಕ್ಕೆ ಉತ್ತರ ಇದೇ ಅಲ್ವಾ? ನಿಮಗೆ ಹುಟ್ಟಿನಿಂದ ಗೊತ್ತಿರುವ ವಿಷಯವಾದ್ದರಿಂದ ಇದನ್ನು ಬರೆಯಲೇ ಇಲ್ಲ. ಅರ್ಜಿ ಬರೆಯುವವರೆಲ್ಲ ಮಾಡುವ ತಪ್ಪು ಇದು. ತಮಗೆ ಚೆನ್ನಾಗಿ ಗೊತ್ತಿರುವುದನ್ನು ಬಿಟ್ಟು, ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನು ಬರೆಯುತ್ತಾರೆ.

ಎರಡನೆಯದು ಬಜೆಟ್. ನೀವು ಕೇಳಿದ್ದು 20 ಲಕ್ಷ. ಸಂಬಳ 8 ಲಕ್ಷ, ಆಫೀಸು ಮತ್ತು ಜೋಡಣೆ ಶೆಡ್ಡು 5 ಲಕ್ಷ, ಮಾರ್ಕೆಟಿಂಗ್ 4 ಲಕ್ಷ, ಇತರೆ 3 ಲಕ್ಷ. ಕಾಗದದ ಹಂತದಲ್ಲೇ ಹೋಗಿದ್ದಕ್ಕೆ ಇದೊಂದೇ ಸಾಕು. ಸೀಡ್ ಫಂಡ್‌ನ ಹಣವನ್ನು ಕಟ್ಟಡ, ಶೆಡ್ಡಿನಂಥ ಸೌಲಭ್ಯ ಕಟ್ಟಿಕೊಳ್ಳಲು ಬಳಸುವಂತಿಲ್ಲ ಎಂದು ಮಾರ್ಗಸೂಚಿಯಲ್ಲೇ ಇದೆ. "ಇತರೆ 3 ಲಕ್ಷ" ಕಂಡ ತಕ್ಷಣ ನನ್ನಂಥವರು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇವೆ.

ನಾನು ಅರ್ಜಿ ಓದುವಾಗ ಬಜೆಟ್‌ಗೆ ಕೇಳುವ ಪ್ರಶ್ನೆ ಒಂದೇ. ಈ ಹಣ ಖರ್ಚಾದಮೇಲೆ, ಇವತ್ತು ಯಾರಿಗೂ ಗೊತ್ತಿಲ್ಲದ ಯಾವ ವಿಷಯ ಗೊತ್ತಾಗುತ್ತದೆ? ಆರಂಭದ ಅನುದಾನ ಇರುವುದೇ ಅದಕ್ಕೆ. ಬ್ಯಾಂಕು ಕೊಡದ, ಹೂಡಿಕೆದಾರ ಇನ್ನೂ ನಂಬದ ಹಂತದಲ್ಲಿ ಒಂದು ಸಂಶಯ ಬಗೆಹರಿಸಿಕೊಳ್ಳಲು ಸರ್ಕಾರ ಕೊಡುವ ದುಡ್ಡು ಅದು. ನಿಮ್ಮ ಪೆಟ್ಟಿಗೆಯ ವಿಷಯದಲ್ಲಿ ಸಂಶಯ ಯಾವುದು? ಸೆನ್ಸರ್ ಓಡುತ್ತದಾ ಅನ್ನುವುದಲ್ಲ, ಅದು ಓಡುತ್ತದೆ. ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ, ಬೇರೆ ಬೇರೆ ರೀತಿಯ ಹುಳು ಮನೆಗಳಲ್ಲಿ, ಹೆಂಚಿನ ಮನೆ, ಶೀಟಿನ ಮನೆ, ಆರ್‌ಸಿಸಿ ಮನೆ, ಇವುಗಳಲ್ಲಿ ಗೂಡಿನ ತೂಕ ಮತ್ತು ರೇಟು ನಿಜವಾಗಿ ಹೆಚ್ಚಾಗುತ್ತದಾ? ಹೆಚ್ಚಾದರೆ, ಪೆಟ್ಟಿಗೆಯ ಬೆಲೆ ಎಷ್ಟು ಬೆಳೆಯಲ್ಲಿ ರೈತನ ಕೈಗೆ ವಾಪಸ್ ಬರುತ್ತದೆ? ಬಜೆಟ್ ಈ ಪ್ರಶ್ನೆಯ ಸುತ್ತ ಕಟ್ಟಿ. ಇಷ್ಟು ಪೆಟ್ಟಿಗೆ, ಇಷ್ಟು ಮನೆ, ಎರಡು ಋತು, ಬಿಡಿಭಾಗದ ಖರ್ಚು, ಹಳ್ಳಿ ಸುತ್ತುವ ಒಬ್ಬ ಹುಡುಗನ ಸಂಬಳ, ಹೊರಗಿನವರಿಂದ ಪರೀಕ್ಷೆ. 20 ಲಕ್ಷ ಬೇಕಾಗದೆ 13 ಲಕ್ಷ ಸಾಕಾದರೆ 13 ಎಂದೇ ಬರೆಯಿರಿ. ಕಡಿಮೆ ಕೇಳಿದವರ ಮೇಲೆ ಸಮಿತಿಗೆ ನಂಬಿಕೆ ಜಾಸ್ತಿಯಾಗುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಹೊರಗಿನ ಪರೀಕ್ಷೆಗೆ ನಿಮ್ಮಷ್ಟು ಅನುಕೂಲ ಇರುವವರು ಕಡಿಮೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ನಿಮ್ಮ ಪಕ್ಕದ ತಾಲ್ಲೂಕು. ಬೆಂಗಳೂರಿನ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ, ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಸಂಶೋಧನಾ ಸಂಸ್ಥೆ ಇವೆ. ಇವುಗಳಲ್ಲಿ ಒಂದು ಕಡೆ ಪ್ರಾಧ್ಯಾಪಕರೋ ವಿಜ್ಞಾನಿಯೋ ಒಬ್ಬರು ಎರಡು ಬೆಳೆ ನೋಡಿ ಒಂದು ಪುಟ ಬರೆದುಕೊಟ್ಟರೆ ನಿಮ್ಮ ಹತ್ತು ಸ್ಲೈಡಿಗಿಂತ ಭಾರ.

ಅರ್ಜಿಯಲ್ಲಿ ಇಷ್ಟು ನನಗೆ ಕಂಡಿದ್ದು. ಸಮಿತಿಗೆ ಕಂಡಿದ್ದೇನು ಎಂದು ಅವರನ್ನೇ ಕೇಳಿ. ತಕ್ಷಣ ಬೇಡ, ನಾಲ್ಕೈದು ದಿನ ಬಿಟ್ಟು ಬರೆಯಿರಿ. ನೊಂದಾಗ ಬರೆದ ಮೇಲ್‌ನಲ್ಲಿ ಎಷ್ಟು ಅದುಮಿಟ್ಟರೂ ಜಗಳ ಇಣುಕುತ್ತದೆ. "ನಮ್ಮನ್ನು ಯಾಕೆ ಆಯ್ಕೆ ಮಾಡಲಿಲ್ಲ" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ, ಯಾಕೆಂದರೆ ಅದಕ್ಕೆ ಉತ್ತರ ಕೊಟ್ಟರೆ ವಾದ ಶುರುವಾಗುತ್ತದೆ ಎಂಬ ಹೆದರಿಕೆ ಅವರಿಗಿದೆ. ಹೀಗೆ ಬರೆದು ನೋಡಿ:

"ನಮಸ್ಕಾರ. ಪಿಚ್‌ಗೆ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ನಿರ್ಣಯವನ್ನು ಬದಲಿಸಿ ಎಂದು ಕೇಳುತ್ತಿಲ್ಲ. ಮುಂದಿನ ನಾಲ್ಕು ತಿಂಗಳು ನಾವು ಆರು ಹುಳು ಮನೆಗಳಲ್ಲಿ ಪೆಟ್ಟಿಗೆ ಇಟ್ಟು, ಪಕ್ಕದ ಆರು ಮನೆಗಳ ಜೊತೆ ಗೂಡಿನ ತೂಕ ಹೋಲಿಸಿ ನೋಡುತ್ತಿದ್ದೇವೆ. ಎರಡು ಪ್ರಶ್ನೆ ಇದೆ. ನಮ್ಮ ಅರ್ಜಿಯಲ್ಲಿ ಎಲ್ಲಕ್ಕಿಂತ ದುರ್ಬಲವಾಗಿದ್ದ ಭಾಗ ಯಾವುದು? ಈ ಹೋಲಿಕೆಯಲ್ಲಿ ಇನ್ನೇನನ್ನು ಅಳೆದರೆ ನಿಮಗೆ ಉಪಯೋಗವಾಗುತ್ತದೆ?"

ಇಂಥ ಮೇಲ್‌ಗೆ ನಾನು ಎಂದೂ ಉತ್ತರ ಕೊಡದೆ ಬಿಟ್ಟಿಲ್ಲ. ಉತ್ತರ ಬರದಿದ್ದರೆ ಒಂದು ಸಲ ಫೋನ್ ಮಾಡಿ, ಆಮೇಲೆ ಬಿಟ್ಟುಬಿಡಿ.

ಒಂದು ಸಲ ಇಲ್ಲ ಅನ್ನಿಸಿಕೊಂಡರೆ ಹೆಸರು ಕೆಡುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಹಾಗೇನಿಲ್ಲ. ಅಮೆರಿಕದ ವೈ ಕಾಂಬಿನೇಟರ್ 2005ರಿಂದ ಹೊಸ ಕಂಪನಿಗಳಿಗೆ ಹಣ ಕೊಡುತ್ತಾ ಬಂದಿದೆ, ಅಲ್ಲಿನ ಸಂದರ್ಶನ ಬರೀ 10 ನಿಮಿಷ. ಮೊದಲೇ ಅರ್ಜಿ ಹಾಕಿದ್ದವರಿಗೆ ಅಲ್ಲಿ ಕೇಳುವ ಪ್ರಶ್ನೆ: ಹೋದ ಸಲದಿಂದ ಈಚೆಗೆ ಏನು ಬದಲಾಗಿದೆ? ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಡ್ರಾಪ್‌ಬಾಕ್ಸ್ ಕಂಪನಿ ಕಟ್ಟಿದ ಡ್ರೂ ಹೌಸ್ಟನ್ ಅಲ್ಲಿಗೆ ಮೊದಲು ಹೋಗಿದ್ದು ಪ್ರವೇಶ ಪರೀಕ್ಷೆ ತಯಾರಿಯ ಕಂಪನಿ ಹಿಡಿದುಕೊಂಡು, ಆಗ ಇಲ್ಲ ಅಂದರು. 2007ರಲ್ಲಿ ಬೇರೆಯದೇ ಕೆಲಸ ಹಿಡಿದುಕೊಂಡು ಹೋದಾಗ ತೆಗೆದುಕೊಂಡರು. ನಮ್ಮ ಸಮಿತಿಗಳಲ್ಲೂ ಎರಡನೇ ಸಲ ಬಂದವರನ್ನು ಕಂಡರೆ ಯಾರೂ ಮುಖ ಸಿಂಡರಿಸುವುದಿಲ್ಲ. ಅದೇ ಕಾಗದವನ್ನು ತಾರೀಖು ಬದಲಿಸಿ ತಂದರೆ ಮಾತ್ರ ಬೇಸರವಾಗುತ್ತದೆ.

ಮುಂದಿನ ದಾರಿ ಯಾವುದು? ಇಲ್ಲಿ ನಿಮಗೆ ಗಡಿಯಾರ ಓಡುತ್ತಿದೆ, ಅದನ್ನು ನೀವು ಗಮನಿಸಿದ ಹಾಗೆ ಕಾಣಲಿಲ್ಲ. 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಪ್ರೊಟೊಟೈಪ್ (ಮೊದಲ ಮಾದರಿ), ಪ್ರಯೋಗ ಇಂಥದ್ದಕ್ಕೆ 20 ಲಕ್ಷದವರೆಗೆ ಅನುದಾನ ಇದೆ. ಆದರೆ ಅರ್ಜಿ ಹಾಕುವ ದಿನಕ್ಕೆ ಕಂಪನಿ ನೋಂದಣಿಯಾಗಿ 2 ವರ್ಷ ಮೀರಿರಬಾರದು. ಸ್ಟಾರ್ಟಪ್ ಎಂದು ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಇರಬೇಕು. ನಿಮಗೆ 17 ತಿಂಗಳಾಗಿದೆ, ಉಳಿದಿರುವುದು 7. ಅರ್ಜಿ ತೆರೆದಿದೆಯೇ, ಯಾವ ಇನ್‌ಕ್ಯುಬೇಟರ್‌ಗಳು ತೆಗೆದುಕೊಳ್ಳುತ್ತಿವೆ ಎಂದು ಇವತ್ತೇ ಪೋರ್ಟಲ್‌ನಲ್ಲಿ ನೋಡಿ. ಮೂರು ಇನ್‌ಕ್ಯುಬೇಟರ್‌ಗಳವರೆಗೆ ಆರಿಸಿಕೊಳ್ಳಬಹುದು. ಮೂರಕ್ಕೂ ಮೊದಲೇ ಮಾತಾಡಿ, ಕೃಷಿ ಗೊತ್ತಿರುವವರನ್ನು ಮೇಲೆ ಹಾಕಿ. ನೀವು ಹೋದ ಸಲ ಮೊದಲು ಹಾಕಿದ್ದು ಸಾಫ್ಟ್‌ವೇರ್ ಕಂಪನಿಗಳನ್ನೇ ನೋಡಿ ಅಭ್ಯಾಸವಿರುವ ಜಾಗ.

ಇನ್ನೊಂದು ಷರತ್ತನ್ನು ಬಹಳ ಜನ ತಡವಾಗಿ ಓದಿ ಕೈ ಸುಟ್ಟುಕೊಳ್ಳುತ್ತಾರೆ. ಬೇರೆ ಯಾವುದೇ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಜಾಸ್ತಿ ನೆರವು ಪಡೆದಿದ್ದರೆ ಸೀಡ್ ಫಂಡ್ ಸಿಗುವುದಿಲ್ಲ. ಸ್ಪರ್ಧೆಯ ಬಹುಮಾನದ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಯಾವುದನ್ನು ಮೊದಲು ತೆಗೆದುಕೊಳ್ಳುತ್ತೀರಿ ಅನ್ನುವುದು ಮುಖ್ಯ. ಕರ್ನಾಟಕ ಸರ್ಕಾರ 2017ರಲ್ಲಿ ಶುರು ಮಾಡಿದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಮೊದಲು ಅಲ್ಲಿ 25 ಲಕ್ಷ ಬಂದುಬಿಟ್ಟರೆ ಸೀಡ್ ಫಂಡ್ ಬಾಗಿಲು ಮುಚ್ಚುತ್ತದೆ. ಕೃಷಿ ಸ್ಟಾರ್ಟಪ್‌ಗಳಿಗೆ ಇರುವ ರಫ್ತಾರ್ ಯೋಜನೆ 25 ಲಕ್ಷದವರೆಗೆ ಕೊಡುತ್ತದೆ, ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದರ ಇನ್‌ಕ್ಯುಬೇಟರ್‌ಗಳಿವೆ. ಅದಕ್ಕೂ ಇದೇ ಲೆಕ್ಕ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ ಪ್ರಯಾಸ್‌ನಲ್ಲಿ ಪ್ರೊಟೊಟೈಪ್‌ಗೆ 10 ಲಕ್ಷದವರೆಗೆ ಇದೆ, ಅದು ಮಿತಿಯೊಳಗೇ ಇರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 21ನೇ ತಿಂಗಳ ಹೊತ್ತಿಗೆ ಸೀಡ್ ಫಂಡ್‌ಗೆ ಹಾಕಿ, ಅದರ ಫಲ ನೋಡಿಕೊಂಡು ಎಲಿವೇಟ್‌ನತ್ತ ತಿರುಗುತ್ತಿದ್ದೆ. ಪ್ರತಿ ಯೋಜನೆಯ ನಿಯಮ ಸುತ್ತಿನಿಂದ ಸುತ್ತಿಗೆ ಬದಲಾಗಬಹುದು, ಆ ಸಲದ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೂ ಓದಿ.

ಆ ನಾಲ್ಕು ತಿಂಗಳಲ್ಲಿ ಮಾಡುವ ಕೆಲಸ ಸರಳ, ಆದರೆ ಶಿಸ್ತು ಬೇಕು. ಚಾಕಿ ಕೇಂದ್ರದಿಂದ ಹುಳು ತಂದರೆ ಗೂಡು ಮಾರುಕಟ್ಟೆಗೆ ಹೋಗಲು ಹೆಚ್ಚುಕಡಿಮೆ ಮೂರು ವಾರ. ಹಾಗಾಗಿ ನಾಲ್ಕು ತಿಂಗಳಲ್ಲಿ ಎರಡು ಬೆಳೆ ಧಾರಾಳವಾಗಿ ಸಿಗುತ್ತದೆ. ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನ ಹುಳು ತರುವ ಅಕ್ಕಪಕ್ಕದ ಇಬ್ಬರು ರೈತರನ್ನು ಹಿಡಿಯಿರಿ. ಒಬ್ಬರ ಮನೆಯಲ್ಲಿ ಪೆಟ್ಟಿಗೆ, ಇನ್ನೊಬ್ಬರ ಮನೆಯಲ್ಲಿ ಬರೀ ಅಳೆಯುವ ಸೆನ್ಸರ್. ಇಂಥ ಆರು ಜೋಡಿ ಸಾಕು. 100 ಮೊಟ್ಟೆಗೆ ಬಂದ ಗೂಡಿನ ತೂಕ, ರೋಗಕ್ಕೆ ಹೋದ ಹುಳು, ಹರಾಜಿನಲ್ಲಿ ಸಿಕ್ಕ ರೇಟು, ಕರೆಂಟ್ ಹೋದ ಗಂಟೆಗಳು, ಇವಿಷ್ಟನ್ನು ಬರೆದಿಡಿ. ಪೆಟ್ಟಿಗೆ ಸೋತ ಮನೆಯ ಲೆಕ್ಕವನ್ನೂ ಬರೆಯಿರಿ. ಆ ಒಂದು ಸಾಲು ಇದ್ದರೆ ಉಳಿದ ಸಾಲುಗಳನ್ನು ಸಮಿತಿ ನಂಬುತ್ತದೆ.

ಜೊತೆಗೆ ಪುಕ್ಕಟೆ ಕೊಡುವುದನ್ನು ನಿಲ್ಲಿಸಿ. 11 ಜನರ ಹತ್ತಿರ ಹೋಗಿ ಮುಂದಿನ ಬೆಳೆಯಿಂದ 500 ರೂಪಾಯಿ ಬಾಡಿಗೆ ಎಂದು ಹೇಳಿ. ಕೆಲವರು ಪೆಟ್ಟಿಗೆ ವಾಪಸ್ ಕೊಡುತ್ತಾರೆ, ನೋವಾಗುತ್ತದೆ. ಆದರೆ ಐದು ಜನ ಕೊಟ್ಟರೂ ಆ ಐದು ರಸೀದಿ ನಿಮ್ಮ ಅರ್ಜಿಯಲ್ಲಿ ಮಾತಾಡುತ್ತದೆ. ಒಬ್ಬರೂ ಕೊಡದಿದ್ದರೆ, ಅನುದಾನ ಬಂದು ಒಂದು ವರ್ಷ ಕಳೆದಮೇಲೆ ಗೊತ್ತಾಗುವ ಬದಲು ಈಗಲೇ ಗೊತ್ತಾದಂತಾಯಿತು.

ತೋಟ ಅಡ ಇಡುವ ಮಾತು ಇಲ್ಲಿಗೇ ಬಿಡಿ. ಪೆಟ್ಟಿಗೆಯಿಂದ ರೈತನಿಗೆ ಎಷ್ಟು ಲಾಭ ಎಂಬುದು ನಿಮಗೇ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಮನೆಯ ಅನ್ನದ ತಟ್ಟೆ ಒತ್ತೆ ಇಡಬಾರದು. ಮುಂದೆ ಮಾರುಕಟ್ಟೆಗೆ ಇಳಿಯುವ ಹಂತ ಬಂದರೆ ಸೀಡ್ ಫಂಡ್‌ನಲ್ಲೇ 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಷೇರಾಗುವ ಸಾಲಪತ್ರದ ರೂಪದಲ್ಲಿ ಹಣ ಇದೆ. ಆ ಸಾಲಕ್ಕೆ ಜಾಮೀನು ಕೇಳುವಂತಿಲ್ಲ. ಆದರೆ ಅದು ಸಾಲವೇ, ತೀರಿಸಬೇಕಾದ್ದೇ.

ಅನುದಾನ ಬಂದರೂ ಒಟ್ಟಿಗೆ ಕೈಗೆ ಬರುವುದಿಲ್ಲ. ಹೇಳಿದ ಕೆಲಸ ಮುಗಿಸಿ ತೋರಿಸಿದಂತೆ ಕಂತಿನಲ್ಲಿ ಬರುತ್ತದೆ, ತಡವಾಗಿಯೂ ಬರುತ್ತದೆ. ಹಾಗಾಗಿ ಮನೆ ನಡೆಸಲು ಅದನ್ನು ನಂಬಬೇಡಿ. ಇಬ್ಬರಲ್ಲಿ ಒಬ್ಬರು ಆರು ತಿಂಗಳು ಅರೆಕಾಲಿಕ ಕೆಲಸಕ್ಕೆ ಹೋಗಿ, ಇನ್ನೊಬ್ಬರು ಹಳ್ಳಿಯಲ್ಲಿ ಪ್ರಯೋಗ ನಡೆಸುವುದು ನಾಚಿಕೆಯ ವಿಷಯವಲ್ಲ. ಯಾರು ಹೋಗುವುದು, ಎಷ್ಟು ದಿನ, ಷೇರಿನ ಪಾಲು ಹಾಗೇ ಇರುತ್ತದಾ, ಇದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಗೆಳೆತನ ಉಳಿಯಬೇಕು ಅಂತಲೇ ಹೇಳುತ್ತಿದ್ದೇನೆ.

ಮುಚ್ಚುವುದೂ ಒಂದು ದಾರಿಯೇ. ಆರು ಜೋಡಿ ಮನೆಗಳಲ್ಲಿ ವ್ಯತ್ಯಾಸವೇ ಕಾಣದಿದ್ದರೆ, ಬಾಡಿಗೆಗೂ ಯಾರೂ ಬೇಡ ಅಂದರೆ ಮುಚ್ಚಿ. ಆದರೆ ಸುಮ್ನೆ ಬಿಟ್ಟುಹೋಗಬೇಡಿ. ಪ್ರೈವೇಟ್ ಲಿಮಿಟೆಡ್ ಕಂಪನಿ ವ್ಯವಹಾರ ಮಾಡದಿದ್ದರೂ ವರ್ಷಕ್ಕೊಮ್ಮೆ ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸಲೇಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಬೆಳೆಯುತ್ತಾ ಹೋಗುತ್ತದೆ. ಸಿ.ಎ. ಹತ್ತಿರ ಹೋಗಿ ಹೆಸರು ತೆಗೆಸುವ ಅರ್ಜಿ ಹಾಕಿ ಸರಿಯಾಗಿ ಮುಗಿಸಬೇಕು.

ನನ್ನ ವಿಷಯ ಒಂದು ಮಾತು. ಮೊದಲ ಸಲ ಇಲ್ಲ ಅಂದ ದಿನ ನಾನು ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿದ್ದೆ. ಮೊಬೈಲ್ ನೋಡಿ, ಮತ್ತೆ ನೋಡಿ, ಆಮೇಲೆ ಚೀಲದೊಳಗೆ ಇಟ್ಟೆ. ಜೊತೆಗೆ ಕೆಲಸ ಮಾಡುತ್ತಿದ್ದ ಮೂವರಿಗೆ ಹನ್ನೆರಡು ದಿನ ಹೇಳಲಿಲ್ಲ. ಹೇಳಿದಾಗ ಅವರಿಗೆ ಸಿಟ್ಟು ಬಂದಿದ್ದು ಅನುದಾನ ಹೋಗಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಒಬ್ಬಳು ಕೆಲಸ ಬಿಟ್ಟಳು. ಇಂದಿಗೂ ಅದು ನನ್ನನ್ನು ಕುಟುಕುತ್ತದೆ. ಮನೆಯವರಿಗೆ, ನಿಮ್ಮ ರೈತರಿಗೆ ನೀವೇ ಬೇಗ ಹೇಳಿಬಿಡಿ. ರೈತರಿಗೆ ಬೆಳೆ ಹೋಗುವುದು ಹೊಸದಲ್ಲ, ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲು. ಅಪ್ಪನ ಹುಳು ಮನೆಯಲ್ಲಿ ಪೆಟ್ಟಿಗೆ ಇಟ್ಟಿರಿ, ಒಂದು ಬೆಳೆ ಆದಮೇಲೆ ಅವರು ತೆಗೆಸಿದರು. ಯಾಕೆ ಎಂದು ನೀವು ಬರೆದಿಲ್ಲ. ಬಹುಶಃ ಕೇಳಿಲ್ಲ. ಎರಡು ಸಮಿತಿಗಳ ಕಾರಣ ತಿಳಿಯದೆ ಇಷ್ಟು ನೊಂದಿದ್ದೀರಿ, ಮನೆಯಲ್ಲೇ ಕಾರಣ ಹೇಳಬಲ್ಲವರು ಇದ್ದಾರೆ. ಫಾಗರ್ ಸದ್ದಿಗೆ ನಿದ್ದೆ ಕೆಟ್ಟಿತೋ, ಕರೆಂಟ್ ಬಿಲ್ಲು ಏರಿತೋ, ಸೊಪ್ಪು ಒದ್ದೆಯಾಯಿತೋ, ಮಗನ ಮನಸ್ಸು ನೋಯಿಸಬಾರದೆಂದು ಸುಮ್ಮನಾದರೋ. ಸೊಪ್ಪು ಹಾಕುವ ಹೊತ್ತಿಗೆ ಅವರ ಜೊತೆ ಹುಳು ಮನೆಗೆ ಹೋಗಿ, ತಟ್ಟೆ ಹಿಡಿದುಕೊಂಡು, ಕೇಳಿ. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ಹೊರಗೆ ಬಂದು ಪೂರ್ತಿ ಬರೆದುಕೊಳ್ಳಿ, ಆ ಕಾಗದವನ್ನು ನನಗೂ ಕಳಿಸಿ.